ಗಯಟೆ ಒಲಿದ ಇಟಲಿ

ಪ್ರವಾಸಿಯೊಬ್ಬ ಪರದೇಶಕ್ಕೆ ಮನಸೋಲುವ ಬಗೆಯನ್ನು ಹತ್ತಿರದಿಂದ ನೋಡಲು ಜರ್ಮನ್ ಕವಿ ಗಯಟೆಯ ಇಟಲಿ ಪ್ರವಾಸದಷ್ಟು ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಆ ಒಲವು ಹುಟ್ಟಿದ್ದು, ಬೆಳೆದದ್ದು, ಸೊರಗಿದ್ದು ಎಲ್ಲಕ್ಕೂ ಅವನ ದಿನಚರಿ, ಪತ್ರ, ಕವಿತೆಗಳಲ್ಲಿ ಸಾಕ್ಷಿ ಇದೆ.

ಬೀಜ ಬಿದ್ದದ್ದು ಫ್ರಾಂಕ್‌ಫರ್ಟಿನ ಮನೆಯಲ್ಲೇ. ತಂದೆ ಯೋಹಾನ್ ಕಾಸ್ಪರ್ 1740ರಲ್ಲಿ ಇಟಲಿ ಸುತ್ತಿಬಂದು, ಆ ಪ್ರವಾಸದ ಕಥನವನ್ನು ಇಟಾಲಿಯನ್ ಭಾಷೆಯಲ್ಲೇ ಬರೆದಿದ್ದ. ಮನೆಯ ಗೋಡೆಗಳ ಮೇಲೆ ರೋಮಿನ ಅಚ್ಚುಚಿತ್ರಗಳು ತೂಗುತ್ತಿದ್ದವು. ವೆನಿಸ್ಸಿನಿಂದ ತಂದ ಗೊಂಡೋಲ ದೋಣಿಯ ಪುಟ್ಟ ಮಾದರಿಯೂ ಇತ್ತು. ಅದರೊಡನೆ ಆಡಲು ಮಗನಿಗೆ ಅಪರೂಪಕ್ಕೊಮ್ಮೆ ಅಪ್ಪಣೆ ಸಿಗುತ್ತಿತ್ತು. ಇಟಲಿಯ ಹಂಬಲ ಆ ಮನೆತನದಲ್ಲಿ ಮೂರು ತಲೆಮಾರು ನಡೆದುಬಂತು: ಕವಿಯ ಮಗ ಆಗಸ್ಟ್ ಕೂಡ ಇಟಲಿಗೆ ಹೊರಟು, 1830ರಲ್ಲಿ ರೋಮಿನಲ್ಲೇ ತೀರಿಕೊಂಡ.

ತವಕವಿದ್ದರೂ ಗಯಟೆ ಹೊರಟದ್ದು ತಡವಾಗಿ. ಇಪ್ಪತ್ತೈದರ ಹರೆಯದಲ್ಲೇ ‘ವರ್ಥರ್’ ಕಾದಂಬರಿಯಿಂದ ಯುರೋಪಿಗೆಲ್ಲ ಪರಿಚಿತನಾದವನು, ವೈಮಾರ್ ಎಂಬ ಸಣ್ಣ ಸಂಸ್ಥಾನದಲ್ಲಿ ಮಂತ್ರಿಯಾಗಿ ರಸ್ತೆ, ಗಣಿ, ಸೇನೆ, ಹಣಕಾಸಿನ ಕಡತಗಳ ನಡುವೆ ಹತ್ತು ವರ್ಷ ಕಳೆದ. ಹಿಡಿದ ಬರವಣಿಗೆಗಳು ಅರ್ಧಕ್ಕೇ ನಿಂತವು. 1786ರ ಸೆಪ್ಟೆಂಬರ್ 3ರಂದು ಬೆಳಗಿನ ಜಾವ ಮೂರು ಗಂಟೆಗೆ, ಕಾರ್ಲ್ಸ್‌ಬಾಡ್ ಎಂಬ ಬಿಸಿನೀರಿನ ಬುಗ್ಗೆಗಳ ಊರಿನಿಂದ ಗೆಳೆಯರಿಗೂ ತಿಳಿಸದೆ ಗಾಡಿ ಹತ್ತಿದ. ಆಗ ಅವನಿಗೆ ಮೂವತ್ತೇಳು. ದಾರಿಯಲ್ಲಿ ಹೇಳಿಕೊಂಡ ಹೆಸರು ಯೋಹಾನ್ ಫಿಲಿಪ್ ಮೋಲರ್. ಮಂತ್ರಿಯೂ ಅಲ್ಲದ, ಹೆಸರಾಂತ ಲೇಖಕನೂ ಅಲ್ಲದ ಯಾರೋ ಒಬ್ಬನಾಗಿ ತಿರುಗುವ ಈ ಬಿಡುಗಡೆಗೆ ಮುಂದಿನ ಒಲವಿನಲ್ಲಿ ದೊಡ್ಡ ಪಾಲಿದೆ. ಅಂದಿಗೆ ಇಟಲಿ ಒಂದು ರಾಜ್ಯವೇ ಆಗಿರಲಿಲ್ಲ ಎಂಬುದನ್ನೂ ನೆನಪಿಡಬೇಕು. ವೆನಿಸ್ ಗಣರಾಜ್ಯ, ಪೋಪರ ಆಡಳಿತದ ಪ್ರದೇಶ, ನೇಪಲ್ಸಿನ ರಾಜ್ಯ ಎಂದು ಅದು ಹಂಚಿಹೋಗಿತ್ತು, ಇಟಲಿ ಎಂಬ ಒಂದು ರಾಜ್ಯ ಹುಟ್ಟಿದ್ದು 1861ರಲ್ಲಿ.

ಮೊದಲ ಸ್ವಾಗತವೇನೂ ಸಿಹಿಯಾಗಿರಲಿಲ್ಲ. ಗಾರ್ಡಾ ಸರೋವರದ ದಡದ ಮಾಲ್ಚೆಸಿನೆ ಎಂಬ ಊರಿನಲ್ಲಿ ಪಾಳುಕೋಟೆಯೊಂದರ ಚಿತ್ರ ಬರೆಯುತ್ತ ಕುಳಿತವನನ್ನು ಜನ ಮುತ್ತಿದರು. ವೆನಿಸ್ಸಿನ ಗಡಿಕೋಟೆಯನ್ನು ಆಸ್ಟ್ರಿಯದ ಚಕ್ರವರ್ತಿಗಾಗಿ ಅಳೆಯುತ್ತಿರುವ ಗೂಢಚಾರ ಎಂಬ ಗುಮಾನಿ ಅವರದು. ಒಬ್ಬ ಚಿತ್ರವನ್ನು ಹರಿದೇಬಿಟ್ಟ. ಫ್ರಾಂಕ್‌ಫರ್ಟಿನಲ್ಲಿ ಕೆಲಸ ಮಾಡಿಬಂದಿದ್ದ ಒಬ್ಬ ಸ್ಥಳೀಯ, ಅಲ್ಲಿ ನೆಲೆಸಿದ ಇಟಲಿಯ ಕುಟುಂಬಗಳ ವಿಚಾರ ಕೇಳಿ ಸಮಾಧಾನಗೊಂಡ ಮೇಲೆ ಬಿಡುಗಡೆಯಾಯಿತು. ಗಯಟೆ ಇದನ್ನು ನಗುತ್ತಲೇ ಬರೆದಿದ್ದಾನೆ. ಒಲಿಯಲು ಮನಸ್ಸು ಮಾಡಿಯೇ ಬಂದವನಿಗೆ ಬಂಧನದ ಭಯವೂ ಹೇಳಿಕೊಳ್ಳಲು ಒಂದು ಕಥೆಯಾಯಿತು.

ಸೆಪ್ಟೆಂಬರ್ 28ರಂದು ವೆನಿಸ್ ತಲುಪಿ ಮೊದಲ ಗೊಂಡೋಲ ಕಂಡಾಗ ಅವನಿಗೆ ಬಾಲ್ಯದ ಆಟಿಕೆಯೇ ಎದುರಾದಂತಾಯಿತು. ಅಲ್ಲಿಂದ ಮುಂದೆ ಅವನ ಕಣ್ಣು ಹುಡುಕಿದ್ದು ಪ್ರಾಚೀನ ರೋಮನ್ನರ ಇಟಲಿಯನ್ನು, ಮತ್ತು ಆ ಮಾದರಿಯಲ್ಲಿ ಕಟ್ಟಿದ್ದನ್ನು. ಬೇಡವಾದದ್ದರ ಎದುರು ಅವನು ನಿಲ್ಲಲೇ ಇಲ್ಲ. ಫ್ಲಾರೆನ್ಸಿಗೆ ಕೊಟ್ಟದ್ದು ಸುಮಾರು ಮೂರು ಗಂಟೆ! ಅಸ್ಸೀಸಿಯಲ್ಲಿ ಸಂತ ಫ್ರಾನ್ಸಿಸ್ಸನ ಹೆಸರಾಂತ ಚರ್ಚಿಗೆ ಬೆನ್ನು ತಿರುಗಿಸಿ, ಮಿನರ್ವ ದೇವತೆಯ ಹಳೆಯ ಗುಡಿ ನೋಡಿ ಮುಂದೆ ಹೊರಟ. ಇಂದು ಜನ ಆ ಊರಿಗೆ ಹೋಗುವುದೇ ಆ ಚರ್ಚಿಗಾಗಿ.

ಅಕ್ಟೋಬರ್ 29ರಂದು ರೋಮ್ ಸೇರಿದ. ಕೊರ್ಸೊ ಬೀದಿಯಲ್ಲಿ ಚಿತ್ರಕಾರ ಟಿಶ್‌ಬೈನ್ ಮತ್ತಿತರ ಜರ್ಮನ್ ಕಲಾವಿದರೊಡನೆ ವಾಸ. ಹಗಲು ಶಿಲ್ಪ, ಅವಶೇಷಗಳ ದರ್ಶನ. ರೋಮಿಗೆ ಕಾಲಿಟ್ಟ ದಿನವನ್ನು ತನ್ನ ಎರಡನೆಯ ಹುಟ್ಟುಹಬ್ಬವೆಂದು ಎಣಿಸಿದ. ವೈಮಾರಿನಲ್ಲಿ ಗದ್ಯವಾಗಿಯೇ ಉಳಿದಿದ್ದ ‘ಇಫಿಗೇನಿ’ ನಾಟಕ ಅಲ್ಲಿ ಪದ್ಯರೂಪ ಪಡೆಯಿತು. ಅಗಲ ಅಂಚಿನ ಟೋಪಿ, ಬಿಳಿ ನಿಲುವಂಗಿ ತೊಟ್ಟು ಅವಶೇಷಗಳ ನಡುವೆ ಒರಗಿರುವ ಗಯಟೆಯನ್ನು ಟಿಶ್‌ಬೈನ್ ಚಿತ್ರಿಸಿದ್ದೂ ಅದೇ ಕಾಲದಲ್ಲಿ. ಅದರಲ್ಲಿ ಕವಿಗೆ ಎರಡೂ ಎಡಗಾಲೇ ಇರುವಂತೆ ಕಾಣುವುದು ಬೇರೆ ಮಾತು.

1787ರ ಫೆಬ್ರವರಿಯಲ್ಲಿ ನೇಪಲ್ಸಿಗೆ ಇಳಿದು, ಹೊಗೆಯಾಡುತ್ತಿದ್ದ ವೆಸೂವಿಯಸ್ ಪರ್ವತವನ್ನು ಮೂರು ಸಲ ಹತ್ತಿದ. ಅಲ್ಲಿಂದ ಹಡಗಿನಲ್ಲಿ ವಾಂತಿ, ತಲೆಸುತ್ತು ಅನುಭವಿಸುತ್ತ ಸಿಸಿಲಿಗೆ. ಈ ದಕ್ಷಿಣದಲ್ಲಿ ಅವನ ಒಲವು ಬರಿಯ ಪಾಳುಕಟ್ಟಡಗಳನ್ನು ದಾಟಿ ಗಿಡಮರಗಳಿಗೆ ಹಬ್ಬಿತು. ಪಡುವಾದ ಸಸ್ಯೋದ್ಯಾನದಲ್ಲಿ 1585ರಲ್ಲಿ ನೆಟ್ಟ ಗಿಡ್ಡ ತಾಳೆಯೊಂದನ್ನು ಬರುವ ದಾರಿಯಲ್ಲೇ ನೋಡಿದ್ದ. ಬುಡದ ಎಲೆಗಳು ಭರ್ಜಿಯಂತೆ ಸರಳ, ಮೇಲೇರಿದಂತೆ ಸೀಳುಸೀಳಾಗಿ ಕೊನೆಗೆ ಬೀಸಣಿಗೆ. ಜರ್ಮನಿಯಲ್ಲಿ ಕುಂಡದೊಳಗೆ ಬೆಳೆಯುವ ಸಸ್ಯಗಳು ಪಲೆರ್ಮೊದ ಉದ್ಯಾನದಲ್ಲಿ ಬಯಲಿನಲ್ಲೇ ಸೊಂಪಾಗಿ ನಿಂತದ್ದನ್ನು ಕಂಡಾಗ, ಎಲ್ಲ ಸಸ್ಯಗಳ ಹಿಂದೆ ಒಂದೇ ಮೂಲರೂಪ ಇರಬೇಕೆಂಬ ಯೋಚನೆ ಬಲಿಯಿತು. 1790ರಲ್ಲಿ ಪ್ರಕಟವಾದ ಸಸ್ಯಗಳ ರೂಪಾಂತರದ ಪುಸ್ತಕದ ಬೇರು ಇಲ್ಲಿದೆ. ಪಡುವಾದ ತಾಳೆ ಇಂದಿಗೂ ಬದುಕಿದೆ, ಅವನ ಹೆಸರಿನಲ್ಲೇ.

1788ರ ಜೂನಿನಲ್ಲಿ ಅವನು ವೈಮಾರಿಗೆ ಮರಳಿದ. ಎರಡು ವರ್ಷ ತುಂಬುವಷ್ಟರಲ್ಲಿ ಮತ್ತೆ ಇಟಲಿಗೆ ಹೋಗುವ ಸಂದರ್ಭ ಬಂತು. ಈ ಸಲ ಅದು ಅರಮನೆಯ ಕೆಲಸ: ಪ್ರವಾಸದಲ್ಲಿದ್ದ ರಾಜಮಾತೆ ಅನ್ನಾ ಅಮಾಲಿಯಾಳನ್ನು ವೆನಿಸ್ಸಿನಿಂದ ಕರೆತರಬೇಕು. ಮನೆಯಲ್ಲಿ ಸಂಗಾತಿ ಕ್ರಿಸ್ಟಿಯಾನೆ, ಕೆಲವೇ ತಿಂಗಳ ಕೂಸು ಆಗಸ್ಟ್. ರಾಜಮಾತೆಗಾಗಿ ವಾರಗಟ್ಟಲೆ ಕಾಯುತ್ತ ಕುಳಿತವನಿಗೆ ಅದೇ ವೆನಿಸ್ಸಿನಲ್ಲಿ ಕೊಳಕು, ಮೋಸಗಳೇ ಎದ್ದು ಕಂಡವು. ಇಟಲಿಯ ಮೇಲಿನ ಪ್ರೀತಿಗೆ ಈ ಪ್ರಯಾಣ ಮಾರಣಾಂತಿಕ ಪೆಟ್ಟು ಕೊಟ್ಟಿತೆಂದು ತನ್ನ ಒಡೆಯ ಕಾರ್ಲ್ ಆಗಸ್ಟನಿಗೆ ಬರೆದ. ಆಗ ಹುಟ್ಟಿದ ಚುಟುಕು ಪದ್ಯಗಳಲ್ಲೂ ಕಹಿ ತುಂಬಿದೆ. ಅಷ್ಟು ಬೇಗ ವೆನಿಸ್ ಕೆಟ್ಟಿರಲು ಸಾಧ್ಯವಿಲ್ಲ. ಮೊದಲ ಸಲ ಅವನು ಕೆಲಸ ಬಿಟ್ಟು ಬಂದಿದ್ದ, ಎರಡನೆಯ ಸಲ ಕೆಲಸದ ಮೇಲೆ ಬಂದಿದ್ದ.

ಆದರೆ ಓದುಗರ ಕೈಸೇರಿದ್ದು ಮೊದಲ ಸಲದ ಇಟಲಿ. ‘ಇಟಲಿ ಪ್ರವಾಸ’ದ ಮೊದಲ ಎರಡು ಭಾಗಗಳು ಹೊರಬಂದದ್ದು 1816 ಮತ್ತು 1817ರಲ್ಲಿ, ಕೊನೆಯದು 1829ರಲ್ಲಿ. ಅರವತ್ತು ದಾಟಿದ ಲೇಖಕ ಹಳೆಯ ದಿನಚರಿ, ಪತ್ರಗಳನ್ನು ತಿದ್ದಿ ಹೆಣೆದ ಪುಸ್ತಕ ಅದು. ಕಥೆ 1788ರಲ್ಲಿ ರೋಮ್ ಬಿಡುವಲ್ಲಿಗೆ ಮುಗಿಯುತ್ತದೆ. 1790ರ ವೆನಿಸ್ಸಿಗೆ ಅದರಲ್ಲಿ ಜಾಗ ಸಿಕ್ಕಿಲ್ಲ.