ಪುಟ್ಟ ಪಾದಕ್ಕೆ ಯಾವ ನಂಬರ್?

"ಒಂದ್ ನಂಬರ್ ದೊಡ್ಡದೇ ಕೊಡಿ, ಬೆಳೆಯೋ ಮಗು." ಮಕ್ಕಳ ಚಪ್ಪಲಿ ಮಾರುವ ಕಡೆ ಸ್ವಲ್ಪ ಹೊತ್ತು ನಿಂತರೆ ಸಾಕು, ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ತೋವಿನಕೆರೆಯ ಸಂತೆಯಲ್ಲಿ ಟಾರ್ಪಾಲಿನ ಮೇಲೆ ಸುರಿದ ರಾಶಿಯಿಂದ ಜೊತೆ ಹುಡುಕುವ ತಾಯಿಯೂ ಇದನ್ನೇ ಹೇಳುತ್ತಾಳೆ, ತುಮಕೂರಿನ ಎ.ಸಿ. ಶೋರೂಮಿನಲ್ಲಿ ಮೆತ್ತನೆ ಸ್ಟೂಲಿನ ಮೇಲೆ ಕೂತ ತಂದೆಯೂ ಇದನ್ನೇ ಹೇಳುತ್ತಾನೆ. ಎರಡು ಕಡೆಯ ಬೆಲೆಗೂ ಬ್ರ್ಯಾಂಡಿಗೂ ಅಜಗಜಾಂತರ. ಮಗುವಿನ ಪಾದ ಅಳೆಯದೆ ವ್ಯಾಪಾರ ಮುಗಿಯುವುದು ಮಾತ್ರ ಎರಡೂ ಕಡೆ ಸಮಾನ.

ಕೊರಟಗೆರೆ ತಾಲ್ಲೂಕು ಚನ್ನರಾಯನದುರ್ಗ ಹೋಬಳಿಯ ತೋವಿನಕೆರೆಯನ್ನು ಯಾರೂ ನಗರ ಎನ್ನುವುದಿಲ್ಲ. ಆದರೆ ಮಕ್ಕಳ ಕಾಲಿನ ಮಟ್ಟಿಗೆ ನಗರ ಇಲ್ಲಿಗೆ ಬಂದು ಬಹಳ ಕಾಲವಾಯಿತು. 2011ರ ಜನಗಣತಿಯ ಹೊತ್ತಿಗೇ ಕರ್ನಾಟಕದ ಶೇ 38ಕ್ಕೂ ಹೆಚ್ಚು ಮಂದಿ ಪಟ್ಟಣ, ನಗರಗಳಲ್ಲಿದ್ದರು. ತುಮಕೂರಿಗೆ, ಬೆಂಗಳೂರಿಗೆ ದುಡಿಯಲು ಹೋದವರು ಹಬ್ಬಕ್ಕೆ ಊರಿಗೆ ಬರುವಾಗ ಬ್ಯಾಗಿನಲ್ಲಿ ಮಕ್ಕಳ ಶೂ ಇರುತ್ತದೆ. ಹಿಂದೆ ಈ ಸೀಮೆಯ ಮಕ್ಕಳಿಗೆ ಹೊಸ ಚಪ್ಪಲಿ ಸಿಗುತ್ತಿದ್ದುದು ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಯಲ್ಲೋ, ಮದುವೆ ಮನೆಯ ನೆಪದಲ್ಲೋ. ಅದೂ ಹವಾಯಿ. ಬಾರು ಕಿತ್ತರೆ ಪಿನ್ನು ಚುಚ್ಚಿ ಮತ್ತೊಂದು ವರ್ಷ ನಡೆಸುತ್ತಿದ್ದರು. ಈಗ ಜೂನ್ ತಿಂಗಳ ಶಾಲೆಗೊಂದು, ಹಬ್ಬಕ್ಕೊಂದು, ಹುಟ್ಟುಹಬ್ಬಕ್ಕೊಂದು. ಹುಟ್ಟುಹಬ್ಬ ಎಂಬುದೇ ಹಳ್ಳಿಯ ಮಟ್ಟಿಗೆ ಹೊಸ ಮಾರುಕಟ್ಟೆ.

ಅಂಗಡಿಯಲ್ಲಿ ಮಕ್ಕಳ ಕಣ್ಣು ಮೊದಲು ಹೋಗುವುದು ಲೈಟ್ ಹೊತ್ತಿಕೊಳ್ಳುವ ಶೂ ಕಡೆಗೆ. 1992ರಲ್ಲಿ ಅಮೆರಿಕದ ಎಲ್.ಎ. ಗಿಯರ್ ಕಂಪನಿ ಇದನ್ನು ಮಾರುಕಟ್ಟೆಗೆ ಬಿಟ್ಟಾಗ ಹಿಮ್ಮಡಿಯೊಳಗಿನ ಸ್ವಿಚ್ಚಿನಲ್ಲಿ ಪಾದರಸವಿತ್ತು. ಅದಕ್ಕೆ ಆಕ್ಷೇಪ ಬಂದ ಮೇಲೆ ಬೇರೆ ಬಗೆಯ ಸ್ವಿಚ್ಚು ಬಂತು. ಈಗಿನದರಲ್ಲಿ ಅಟ್ಟೆಯೊಳಗೆ ಒಂದು ಪುಟ್ಟ ಬ್ಯಾಟರಿ, ಒಂದು ಸ್ಪ್ರಿಂಗು, ಎರಡು ಮೂರು ದೀಪ ಇರುತ್ತವೆ. ಹೆಜ್ಜೆ ಅದುರಿದಾಗ ಸ್ಪ್ರಿಂಗು ತಾಗಿ ದೀಪ ಹೊತ್ತುತ್ತದೆ. ಬ್ಯಾಟರಿ ಮುಗಿದರೆ ಬದಲಿಸುವ ದಾರಿಯಿಲ್ಲ. ಶೂ ಇನ್ನೂ ಗಟ್ಟಿಯಾಗಿದ್ದರೂ ಮಗು ಅದನ್ನು ಮೂಲೆಗೆ ಒದ್ದುಬಿಡುತ್ತದೆ. ಪಕ್ಕದಲ್ಲೇ ಛೋಟಾ ಭೀಮ್, ಸ್ಪೈಡರ್‌ಮ್ಯಾನ್ ಚಿತ್ರದವು, ಕ್ರಾಕ್ಸ್ ನಕಲಿನ ತೂತು ತೂತಿನ ಬಣ್ಣದ ಚಪ್ಪಲಿಗಳು. ಮೂಲ ಕ್ರಾಕ್ಸ್ ಕಂಪನಿ ಅಮೆರಿಕದ ಕೊಲರಾಡೊದಲ್ಲಿ ಹುಟ್ಟಿದ್ದು 2002ರಲ್ಲಿ. ಇವಿಎ ಎಂಬ ಹಗುರ ನೊರೆಯನ್ನು ಅಚ್ಚಿಗೆ ಹೊಯ್ದರೆ ಹೊಲಿಗೆಯೂ ಬೇಡ, ಅಂಟೂ ಬೇಡ, ಒಂದೇ ಏಟಿಗೆ ಚಪ್ಪಲಿ ಸಿದ್ಧ. ಹಾಗಾಗಿ ಇದರ ನಕಲು ಊರೂರು ತಲುಪಿದೆ.

ಇವುಗಳ ನಡುವೆ ನಿಜಕ್ಕೂ ಮಕ್ಕಳಿಗೆ ಉಪಕಾರ ಮಾಡಿದ್ದು ವೆಲ್‌ಕ್ರೋ ಪಟ್ಟಿ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ದ ಮೆಸ್ತ್ರಾಲ್ 1941ರಲ್ಲಿ ತನ್ನ ಬಟ್ಟೆಗೂ ನಾಯಿಯ ಕೂದಲಿಗೂ ಅಂಟಿದ ಮುಳ್ಳುಕಾಯಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಇದರ ಗುಟ್ಟು ಕಂಡುಕೊಂಡ. ನಮ್ಮ ಹೊಲದ ಬದುವಿನ ಉತ್ತರಾಣಿ ಸೀರೆಯಂಚಿಗೆ ಕಚ್ಚಿಕೊಳ್ಳುವ ಹಾಗೆಯೇ ಇದರ ಕೊಕ್ಕೆಗಳೂ ಕಚ್ಚುತ್ತವೆ. ಲೇಸು ಕಟ್ಟಲು ಬಾರದ ಐದು ವರ್ಷದ ಮಗು ತಾನೇ ಶೂ ಹಾಕಿಕೊಂಡು ತಾನೇ ಬಿಚ್ಚಬಲ್ಲದು. ನಮ್ಮ ಕೆಂಪು ಮಣ್ಣಿನಲ್ಲಿ ಆಡಿದರೆ ಕೊಕ್ಕೆಗಳ ತುಂಬ ಕಸ, ನೂಲು ಸೇರಿ ಪಟ್ಟಿ ಹಿಡಿಯದಂತಾಗುತ್ತದೆ. ಬಿಸಾಡುವುದು ಬೇಡ, ಸೇಫ್ಟಿ ಪಿನ್ನಿನಿಂದ ಕೆದಕಿ ತೆಗೆದರೆ ಮತ್ತೆ ಹಿಡಿಯುತ್ತದೆ.

ಇನ್ನು ನಂಬರಿನ ಕತೆ. ಮಕ್ಕಳ ಚಪ್ಪಲಿಯ ನಂಬರು 13ರವರೆಗೆ ಹೋಗಿ ಮತ್ತೆ 1ರಿಂದ ಶುರುವಾಗುತ್ತದೆ. ಮೂರನೇ ತರಗತಿಯ ಹುಡುಗನಿಗೆ 1 ನಂಬರ್, ಅವನ ತಮ್ಮನಿಗೆ 10 ನಂಬರ್ ಎಂದರೆ ಅಜ್ಜಿಯರು ಗಾಬರಿಯಾಗುವುದು ಸಹಜ. ಇದು ಇಂಗ್ಲೆಂಡಿನ ಹಳೆಯ ಅಳತೆ. ಬಾರ್ಲಿ ಕಾಳಿನ ಉದ್ದ, ಅಂದರೆ ಒಂದು ಇಂಚಿನ ಮೂರನೇ ಒಂದು ಭಾಗ, ಒಂದು ನಂಬರಿಗೆ ಸಮ. ನಾಲ್ಕು ಇಂಚಿನ ಅಚ್ಚಿಗೆ ಸೊನ್ನೆ ಎಂದು ಹಿಡಿದು ಎಣಿಸುತ್ತ ಹೋಗುತ್ತಾರೆ. ಯುರೋಪಿನ ಲೆಕ್ಕದಲ್ಲಿ ಒಂದು ನಂಬರ್ ಎಂದರೆ ಸೆಂಟಿಮೀಟರಿನ ಮೂರನೇ ಎರಡು ಭಾಗ. ಹಾಗಾಗಿ ಒಂದು ಡಬ್ಬಿಯ ಮೇಲೆ 10 ಎಂದೂ ಇನ್ನೊಂದರ ಮೇಲೆ 28 ಎಂದೂ ಇರುವ ಎರಡು ಜೊತೆ ಹೆಚ್ಚುಕಡಿಮೆ ಒಂದೇ ಅಳತೆಯವು. ಮೊಬೈಲಿನಲ್ಲಿ ಆರ್ಡರ್ ಮಾಡುವವರು ಎಡವುವುದು ಇಲ್ಲೇ. ಮೀಶೋ, ಫ್ಲಿಪ್‌ಕಾರ್ಟ್ ಎರಡೂ ಬೆಂಗಳೂರಿನ ಕಂಪನಿಗಳೇ, ಹಳ್ಳಿಯ ಬಾಗಿಲಿಗೂ ಪಾರ್ಸೆಲ್ ತರುತ್ತವೆ. ಪಾದ ಹಾಕಿ ನೋಡುವ ಸೌಕರ್ಯ ಮಾತ್ರ ಪಾರ್ಸೆಲ್ಲಿನಲ್ಲಿ ಬರುವುದಿಲ್ಲ.

ಈ ಎರಡು ಲೆಕ್ಕಗಳೂ ನಮ್ಮ ಕಾಲು ನೋಡಿ ಮಾಡಿದವಲ್ಲ ಎಂಬುದು ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಗೆ ಗೊತ್ತಿತ್ತು. 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ಅದು ದೇಶದ 79 ಕಡೆ ಒಂದು ಲಕ್ಷಕ್ಕೂ ಮಿಕ್ಕ ಜನರ ಪಾದಗಳನ್ನು ತ್ರೀಡಿ ಸ್ಕ್ಯಾನರಿನಲ್ಲಿ ಅಳೆಸಿತು. ಭಾರತೀಯರ ಪಾದ ಪಾಶ್ಚಾತ್ಯರದಕ್ಕಿಂತ ಅಗಲ ಎಂದು ತಿಳಿದುಬಂತು. ಅಗಲದ ಕಾಲಿಗೆ ಕಿರಿದಾದ ಶೂ ಹಿಡಿಸದೆ ಜನ ಉದ್ದದಲ್ಲಿ ದೊಡ್ಡದನ್ನು ಕೊಳ್ಳುತ್ತಾರೆ ಎಂದೂ ಗೊತ್ತಾಯಿತು. ಅಂದರೆ ನಮ್ಮ ತಾಯಂದಿರ "ಒಂದ್ ನಂಬರ್ ದೊಡ್ಡದು" ಬರೀ ದುಡ್ಡಿನ ಲೆಕ್ಕಾಚಾರವಲ್ಲ, ಅದರಲ್ಲಿ ಅನುಭವವೂ ಇದೆ. ಸಮೀಕ್ಷೆಯಿಂದ ಹೊರಬಂದದ್ದು 'ಭಾ' ಎಂಬ ಹೊಸ ಅಳತೆಯ ಪ್ರಸ್ತಾವ. ಅದರಲ್ಲಿ ಒಟ್ಟು ಎಂಟು ವರ್ಗ. ಕೂಸಿನಿಂದ ಹಿಡಿದು 14 ವರ್ಷದ ಹುಡುಗರವರೆಗೆ ಆರು, ದೊಡ್ಡ ಹೆಂಗಸರಿಗೊಂದು, ಗಂಡಸರಿಗೊಂದು. ಎಂಟರಲ್ಲಿ ಆರು ಮಕ್ಕಳಿಗೇ ಮೀಸಲು ಎಂದರೆ ಪಾದ ಬದಲಾಗುವುದೆಲ್ಲ ಆ ವಯಸ್ಸಿನಲ್ಲೇ ಎಂದಂತಾಯಿತು.

ಬೆಳೆಯುವ ವೇಗವೂ ಸಣ್ಣದಲ್ಲ. ನಡೆಯಲು ಕಲಿತ ಕೂಸಿನ ಚಪ್ಪಲಿ ಮೂರು ನಾಲ್ಕು ತಿಂಗಳಿಗೇ ಗಿಡ್ಡವಾಗುತ್ತದೆ. ಶಾಲೆಗೆ ಹೋಗುವ ಮಗುವಿನ ಪಾದ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಈ ತಲೆನೋವನ್ನೇ ಬಂಡವಾಳ ಮಾಡಿಕೊಂಡ ಹೊಸ ಕಂಪನಿಗಳೂ ಇವೆ. ಬೆಂಗಳೂರಿನ ಪ್ಲೇಟೊ ಮಕ್ಕಳಿಗೆಂದೇ ಶೂ ಮಾಡಲು ಹೊರಟಿತು, ಕ್ರಿಕೆಟಿಗ ರಾಹುಲ್ ದ್ರಾವಿಡ್ ಅದರ ಜೊತೆಗೂಡಿದರು. ಪುಣೆಯ ಅರೆಟ್ಟೊ, ಪಾದದೊಂದಿಗೆ ಹಿಗ್ಗುವ ಅಟ್ಟೆ ತಯಾರಿಸಿ ಹೆಸರು ಮಾಡಿತು. ಒಳ್ಳೆಯ ಯೋಚನೆ, ಬೆಲೆ ಮಾತ್ರ ತೋವಿನಕೆರೆ ಸಂತೆಯದಲ್ಲ. ತೆರಿಗೆಯ ಕಡೆಯಿಂದ ಸ್ವಲ್ಪ ಸಮಾಧಾನವಿದೆ. 2022ರ ಜನವರಿಯಲ್ಲಿ ಅಗ್ಗದ ಚಪ್ಪಲಿಯ ಜಿಎಸ್‌ಟಿಯನ್ನೂ ಶೇ 5ರಿಂದ ಶೇ 12ಕ್ಕೆ ಏರಿಸಿದ್ದರು. 2025ರ ಸೆಪ್ಟೆಂಬರ್ 22ರಿಂದ ₹2,500ರವರೆಗಿನ ಜೊತೆಗೆ ಮತ್ತೆ ಶೇ 5.

ಕಡಿಮೆ ಬೆಲೆಯ ಶೂ ಕೊಳ್ಳುವವರು ಒಂದು ವಿಷಯ ತಿಳಿದಿರಬೇಕು. ಪಿವಿಸಿ, ಇವಿಎ ಅಟ್ಟೆಗಳಿಗೆ ದಬ್ಬಣ, ನೂಲು ಅಷ್ಟಾಗಿ ಒಗ್ಗುವುದಿಲ್ಲ. ಮರದ ನೆರಳಲ್ಲಿ ಕೂತ ಚಪ್ಪಲಿ ಹೊಲಿಯುವವರು ಈಗ ಹೆಚ್ಚಾಗಿ ಗಮ್ಮಿನ ಟ್ಯೂಬನ್ನೇ ನಂಬಿದ್ದಾರೆ. ಪಿಯು, ಅಂದರೆ ಪಾಲಿಯುರೆಥೇನ್ ಅಟ್ಟೆಯದು ಇನ್ನೊಂದು ವಿಚಿತ್ರ. ಜಾತ್ರೆಗೆಂದು ಡಬ್ಬಿಯಲ್ಲೇ ಜೋಪಾನ ಮಾಡಿಟ್ಟರೆ ಗಾಳಿಯ ತೇವಕ್ಕೆ ಒಳಗೊಳಗೇ ಸಡಿಲಾಗಿ, ಹಾಕಿಕೊಂಡ ದಿನವೇ ಪುಡಿಪುಡಿಯಾಗಿ ಉದುರುತ್ತದೆ. ಮಕ್ಕಳ ಶೂ ಬೀರುವಿನಲ್ಲಿಡಲು ಮಾಡಿದ್ದಲ್ಲ, ಹಾಕಿ ಸವೆಸಿ.

ಇಷ್ಟೆಲ್ಲ ಕಂಪನಿಗಳ ಮಾತಾಡಿದರೂ ಈ ಸೀಮೆಯಲ್ಲಿ ಮಕ್ಕಳ ಶೂ ಕೊಳ್ಳುವ ದೊಡ್ಡ ಗಿರಾಕಿ ಸರ್ಕಾರವೇ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿನ ಸರ್ಕಾರಿ ಶಾಲೆಗಳ 1ರಿಂದ 10ನೇ ತರಗತಿಯ ಮಕ್ಕಳಿಗೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಸಾಕ್ಸ್ ಉಚಿತ. ಸಿದ್ದರಾಮಯ್ಯನವರ ಮೊದಲ ಸರ್ಕಾರದ ಕಾಲದಲ್ಲಿ ಬಂದ ಈ ಯೋಜನೆಗೆ ಜನ ಇಟ್ಟ ಹೆಸರು 'ಶೂ ಭಾಗ್ಯ'. 2022ರಲ್ಲಿ ಸರ್ಕಾರ ಇದಕ್ಕೆ ₹132 ಕೋಟಿ ಮಂಜೂರು ಮಾಡಿತು. 1ರಿಂದ 5ನೇ ತರಗತಿಗೆ ₹265, 6ರಿಂದ 8ಕ್ಕೆ ₹295, 9 ಮತ್ತು 10ಕ್ಕೆ ₹325 ಎಂದು ದರ ಗೊತ್ತುಮಾಡಿತು. ಕೊಳ್ಳುವ ಹೊಣೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯದು (ಎಸ್‌ಡಿಎಂಸಿ), ಮುಖ್ಯ ಶಿಕ್ಷಕರದು. ಈ ದುಡ್ಡಿಗೆ ಚರ್ಮದ ಶೂ ಕನಸಿನ ಮಾತು. 1976ರಲ್ಲಿ ಹುಟ್ಟಿದ, ರಾಜ್ಯ ಸರ್ಕಾರದ್ದೇ ಆದ ಲಿಡ್ಕರ್ ನಿಗಮದ ಚರ್ಮದ ಮಾಲು ಈ ದರಕ್ಕೆ ಎಟುಕದು. ಬರುವುದು ಪ್ಲಾಸ್ಟಿಕ್ ಬಗೆಯದೇ.

ಮುಚ್ಚಿದ ಶೂ ಎಳೆಯ ಮಕ್ಕಳಿಗೆ ಬೇಕೇ ಎಂಬ ಪ್ರಶ್ನೆಗೆ ಕರ್ನಾಟಕದಲ್ಲೇ ಒಂದು ಹಳೆಯ ಉತ್ತರವಿದೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಮೂಳೆತಜ್ಞರಾದ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಗುರುತು ತೆಗೆದು 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇ 8.6, ಬರಿಗಾಲಿನವರಲ್ಲಿ ಶೇ 2.8. ಹಾಕುವವರಲ್ಲೂ ಬೆರಳು ಮುಚ್ಚುವ ಶೂನವರಲ್ಲಿ ಹೆಚ್ಚು, ಸ್ಯಾಂಡಲ್, ಚಪ್ಪಲಿಯವರಲ್ಲಿ ಕಡಿಮೆ. ಅಂಗಾಲಿನ ಕಮಾನು ಮೂಡುವ ಎಳೆ ವಯಸ್ಸಿನಲ್ಲಿ ಪಾದವನ್ನು ಬಿಗಿದಿಡಬಾರದು ಎಂಬುದು ಅವರ ನಿಲುವು. ಜಗತ್ತಿನ ಮೂಳೆತಜ್ಞರು ಇಂದಿಗೂ ಉಲ್ಲೇಖಿಸುವ ಅಧ್ಯಯನವಿದು. ನಮ್ಮ ಶೂ ಅಂಗಡಿಗಳಿಗೆ, ಶಾಲೆಗಳಿಗೆ ಇದರ ಸುದ್ದಿ ತಲುಪಿದಂತೆ ಕಾಣದು.

ಹಾಗೆಂದು ಮಕ್ಕಳನ್ನು ಬರಿಗಾಲಲ್ಲಿ ಬಿಡಿ ಎಂದು ಯಾರೂ ಹೇಳುವುದಿಲ್ಲ. ಸೀಮೆಜಾಲಿಯ ಮುಳ್ಳು ಹವಾಯಿಯ ಅಟ್ಟೆಯನ್ನೇ ತೂರಿ ಬರುವ ನಾಡಿದು. ಕೊಕ್ಕೆಹುಳ ಮಣ್ಣಿನಿಂದ ಪಾದದ ಚರ್ಮ ಕೊರೆದೇ ಒಳಹೊಕ್ಕು ರಕ್ತ ಹೀರುತ್ತದೆ. ಶಾಲೆಗಳಲ್ಲಿ ಫೆಬ್ರುವರಿ, ಆಗಸ್ಟ್ ತಿಂಗಳಲ್ಲಿ ಜಂತುಹುಳದ ಮಾತ್ರೆ ಕೊಡುವುದು ಈ ಬಗೆಯ ಹುಳಗಳಿಗಾಗಿಯೇ. ಚಪ್ಪಲಿಗೆ ಇನ್ನೊಂದು ಅರ್ಥವೂ ಇದೆ. ಮೇಲ್ಜಾತಿಯವರ ಬೀದಿಯಲ್ಲಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನಡೆಯಬೇಕಿದ್ದ ಕಾಲವನ್ನು ಕಂಡವರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಎಲ್ಲರ ಚಪ್ಪಲಿ ಹೊಲಿದವರ ಮಕ್ಕಳ ಕಾಲೇ ಬರಿದಾಗಿತ್ತು. ಅಂಥ ಮನೆಯ ಮಗಳು ಎಲ್ಲರಂತೆ ಕಪ್ಪು ಶೂ ತೊಟ್ಟು ಸಾಲಿನಲ್ಲಿ ನಿಲ್ಲುವುದನ್ನು ಮೂಳೆಶಾಸ್ತ್ರದಿಂದಷ್ಟೇ ಅಳೆಯಲಾಗದು.

ಆದರೆ ಎಲ್ಲರಿಗೂ ಒಂದೇ ಬಗೆಯ ಸ್ಯಾಂಡಲ್ ಕೊಟ್ಟರೂ ಆ ಸಮಾನತೆಗೆ ಕೊರತೆಯಾಗದು. ನಲಿ-ಕಲಿ ಕೊಠಡಿಯ ಬಾಗಿಲಲ್ಲಿ ನಿಂತು ನೋಡಿ. ಕೆಳಗಿನ ತರಗತಿಗಳ ಮಕ್ಕಳು ನೆಲದ ಮೇಲೆ ಕೂತು ಕಲಿಯುತ್ತಾರೆ, ಶೂಗಳು ವರಾಂಡದಲ್ಲಿ. ಎಲ್ಲವೂ ಕಪ್ಪು, ಎಲ್ಲವೂ ಒಂದೇ ತರ. ಬಿಸಿಯೂಟದ ಗಂಟೆ ಬಾರಿಸಿದರೆ ಬಲಗಾಲಿಗೆ ಎಡಗಾಲಿನದು, ತನ್ನದರ ಬದಲು ಪಕ್ಕದವನದು. ಲೇಸಿನವಾದರೆ ಟೀಚರ್ ಕೂತು ಕಟ್ಟಬೇಕು. ಮಳೆಗಾಲದಲ್ಲಿ ನೆಂದ ಸಾಕ್ಸ್ ಸಂಜೆವರೆಗೂ ಒಳಗೇ ಬೇಯುತ್ತದೆ, ಪಾವಗಡದ ಬಿಸಿಲಿನಲ್ಲಂತೂ ಕೇಳುವುದೇ ಬೇಡ. ವರಾಂಡದಲ್ಲಿ ಬಿಟ್ಟ ಮುಚ್ಚಿದ ಶೂ ಒಳಗೆ ಚೇಳು ಸೇರಿಕೊಳ್ಳುವ ಭಯ ಬೇರೆ. ತಲೆಕೆಳಗು ಮಾಡಿ ಕೊಡವಿ ಹಾಕಿಕೊಳ್ಳುವ ರೂಢಿಯನ್ನು ಮಕ್ಕಳಿಗೆ ಕಲಿಸಲೇಬೇಕು.

ಹವಾಗುಣ ನೋಡಿ ಶೂ ಬದಲು ಸ್ಯಾಂಡಲ್ ಕೊಳ್ಳಲು ಸರ್ಕಾರದ ಆದೇಶದಲ್ಲೇ ಅವಕಾಶವಿದೆ. ಇದನ್ನು ಬಹುತೇಕ ಕಡೆ ಮಲೆನಾಡಿನ ಮಳೆಗಷ್ಟೇ ಸೀಮಿತ ಎಂಬಂತೆ ನೋಡುತ್ತಾರೆ. ನನ್ನ ಪ್ರಕಾರ ಬಯಲುಸೀಮೆಯ ಒಂದು, ಎರಡು, ಮೂರನೇ ತರಗತಿಗೂ ಅದೇ ಸರಿ. ಬೆರಳು ಆಡುವಷ್ಟು ತೆರೆದ, ಹಿಂದೆ ಪಟ್ಟಿಯಿರುವ, ವೆಲ್‌ಕ್ರೋ ಹಿಡಿಯುವ, ಮುಳ್ಳು ತಡೆಯುವ ಅಟ್ಟೆಯ ಸ್ಯಾಂಡಲ್ ಸಾಕು. ಶೂ ದೊಡ್ಡ ತರಗತಿಯವರಿಗಿರಲಿ.

ಎಸ್‌ಡಿಎಂಸಿಯವರಲ್ಲಿ, ಪಾಲಕರಲ್ಲಿ ಒಂದು ವಿನಂತಿ. ತರಗತಿಗೆ ಇಷ್ಟು ಜೊತೆ ಎಂದು ಅಂದಾಜಿನ ಮೇಲೆ ಆರ್ಡರ್ ಕೊಡುವ ಮುನ್ನ ಮಕ್ಕಳ ಪಾದ ಅಳೆಯಿರಿ. ಮಧ್ಯಾಹ್ನದ ಮೇಲೆ ಅಳೆದರೆ ಒಳ್ಳೆಯದು, ಓಡಾಡಿದ ಪಾದ ಅಷ್ಟು ಹೊತ್ತಿಗೆ ಕೊಂಚ ಊದಿರುತ್ತದೆ. ಮಗುವನ್ನು ಹಳೆಯ ಪತ್ರಿಕೆಯ ಮೇಲೆ ನಿಲ್ಲಿಸಿ, ಪೆನ್ಸಿಲ್ ನೆಟ್ಟಗೆ ಹಿಡಿದು ಎರಡೂ ಪಾದದ ಸುತ್ತ ಗೆರೆ ಎಳೆಯಿರಿ. ಎರಡರಲ್ಲಿ ದೊಡ್ಡ ಪಾದವನ್ನು ಲೆಕ್ಕಕ್ಕೆ ತೆಗೆದುಕೊಂಡು, ಬೆರಳ ತುದಿಯ ಮುಂದೆ ನಿಮ್ಮ ಕೈಯ ಹೆಬ್ಬೆರಳಿನ ಅರ್ಧ ಅಗಲದಷ್ಟು ಜಾಗ ಬಿಟ್ಟು ಕತ್ತರಿಸಿ, ಹೆಸರು ಬರೆದು ಅಂಗಡಿಯವರ ಕೈಗೆ ಕೊಡಿ. ಆ ಕಾಗದ ಮಡಿಸದೆ, ಸುಕ್ಕಾಗದೆ ಒಳಗೆ ಕೂರುವ ಜೊತೆಯನ್ನೇ ತನ್ನಿ. ಕೂರದ್ದನ್ನು ಬಿಲ್ಲು ಪಾವತಿಗೆ ಮುಂಚೆಯೇ ವಾಪಸ್ ಕಳಿಸಿ.