ಎರಡಡಿ ತೊಟ್ಟಿಯಲ್ಲಿ ನೀರುಗಿಡಗಳ ತೋಟ

ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಮೀನಿನ ತೊಟ್ಟಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ್ದು. ಲೆಕ್ಕಕ್ಕೆ ಅದು 56 ಲೀಟರ್ ಹಿಡಿಯುತ್ತದೆ. ಮರಳು, ಕಲ್ಲು ಹಾಕಿ, ಮೇಲೆ ಎರಡು ಬೆರಳು ಬಿಟ್ಟರೆ ಉಳಿಯುವ ನೀರು 45 ಲೀಟರ್ ಆಸುಪಾಸು. ಇಷ್ಟು ಕಡಿಮೆ ನೀರಿನಲ್ಲಿ ಮೀನಿನ ಹಿಕ್ಕೆ, ತಿನ್ನದೆ ಉಳಿದ ಆಹಾರ ಕೊಳೆತು ಹುಟ್ಟುವ ಅಮೋನಿಯಾ ಬೇಗನೆ ವಿಷದ ಮಟ್ಟ ಮುಟ್ಟುತ್ತದೆ. ಜೀವಂತ ಗಿಡಗಳಿದ್ದರೆ ಅದನ್ನೇ ಗೊಬ್ಬರವಾಗಿ ಹೀರಿಕೊಳ್ಳುತ್ತವೆ, ಹಗಲಲ್ಲಿ ಆಮ್ಲಜನಕ ಬಿಡುತ್ತವೆ, ಮರಿಮೀನುಗಳಿಗೆ ಮರೆಯಾಗುತ್ತವೆ. ಪ್ಲಾಸ್ಟಿಕ್ ಗಿಡ ಮರೆಯನ್ನಷ್ಟೇ ಕೊಡಬಲ್ಲದು.

ಈ ಕೊಡುಕೊಳ್ಳುವಿಕೆಯನ್ನು ಮೊದಮೊದಲು ಪರೀಕ್ಷಿಸಿ ನೋಡಿದವರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಮುಖ್ಯರು. 1849ರಲ್ಲಿ ಅವರು 12 ಗ್ಯಾಲನ್ ಹಿಡಿಸುವ ಗಾಜಿನ ಪಾತ್ರೆಯಲ್ಲಿ ವ್ಯಾಲಿಸ್ನೇರಿಯಾ ಗಿಡ ನೆಟ್ಟು ಎರಡು ಗೋಲ್ಡ್‌ಫಿಶ್ ಬಿಟ್ಟರು. 12 ಗ್ಯಾಲನ್ ಎಂದರೆ ಸುಮಾರು 54 ಲೀಟರ್, ಇಂದಿನ ಎರಡಡಿ ತೊಟ್ಟಿಯಷ್ಟೇ. ಕೆಲಕಾಲದ ಮೇಲೆ ಗಿಡದ ಹಳೆಯ ಎಲೆಗಳು ಕೊಳೆತು ನೀರು ಕೆಡತೊಡಗಿತು. ಬಸವನಹುಳುಗಳನ್ನು ತಂದು ಬಿಟ್ಟ ಮೇಲೆ ಅವು ಕೊಳೆತದ್ದನ್ನೆಲ್ಲ ತಿಂದು ಪಾತ್ರೆಯನ್ನು ಹದಕ್ಕೆ ತಂದವು. ಈ ವಿವರಗಳನ್ನು ವಾರಿಂಗ್ಟನ್ 1850ರಲ್ಲಿ ಪ್ರಕಟಿಸಿದರು. ಇಂದು ಬಸವನಹುಳು ಕಂಡರೆ ಗಾಬರಿಯಾಗುವವರೇ ಹೆಚ್ಚು; ಮಿತಿಯಲ್ಲಿದ್ದರೆ ಅದು ತೊಟ್ಟಿಯ ಜಾಡಮಾಲಿಯೇ ಸರಿ.

ಗಿಡ ಆರಿಸುವ ಕೆಲಸ ಅಂಗಡಿಯಲ್ಲಿ ಅಲ್ಲ, ಮನೆಯ ನಲ್ಲಿಯಲ್ಲಿ ಶುರುವಾಗಬೇಕು. ಬೋರ್‌ವೆಲ್ ನೀರು ಬಹುಪಾಲು ಕಡೆ ಗಡಸು. ಸೋಪು ನೊರೆ ಬಿಡದಿದ್ದರೆ, ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟಿದರೆ ಬೇರೆ ಪರೀಕ್ಷೆ ಬೇಕಿಲ್ಲ. ಮಲೆನಾಡು, ಕರಾವಳಿಯ ಬಾವಿ ನೀರು ಸಾಮಾನ್ಯವಾಗಿ ಮೆದು. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾಗಳು ನೀರಿನಲ್ಲಿ ಕರಗಿದ ಬೈಕಾರ್ಬೊನೇಟಿನಿಂದಲೂ ಇಂಗಾಲ ಪಡೆಯಬಲ್ಲವು. ಹಾಗಾಗಿ ಗಡಸು ನೀರಿನಲ್ಲಿ ಹುಲುಸಾಗಿ ಬೆಳೆಯುತ್ತವೆ. ಕ್ರಿಪ್ಟೊಕೊರೈನ್, ಜಾವಾ ಫರ್ನ್, ಅನುಬಿಯಾಸ್ ಎರಡಕ್ಕೂ ಹೊಂದಿಕೊಳ್ಳುತ್ತವೆ. ಕೆಂಪೆಲೆಯ ರೊಟಾಲಾಗಳಿಗೆ ಮೆದು ನೀರೇ ಆಗಬೇಕು. ಅಪಾರ್ಟ್‌ಮೆಂಟುಗಳ ಸಾಫ್ಟ್‌ನರ್ ಯಂತ್ರದ ನೀರು ಮೆದುವೆಂದು ನಂಬಿ ಮೋಸಹೋಗಬಾರದು. ಅದರಲ್ಲಿ ಕ್ಯಾಲ್ಸಿಯಂ ಜಾಗಕ್ಕೆ ಸೋಡಿಯಂ ಬಂದು ಕೂತಿರುತ್ತದೆ, ಗಿಡಕ್ಕೆ ಅದರಿಂದ ಲಾಭವಿಲ್ಲ. ಬರೀ ಆರ್‌ಒ ನೀರಿನಲ್ಲಿ ಗಿಡಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚುಕಡಿಮೆ ಇರುವುದೇ ಇಲ್ಲ. ಬಳಸುವುದಾದರೆ ಗಡಸು ನೀರಿನೊಂದಿಗೆ ಬೆರೆಸಿ ಬಳಸಬೇಕು. ಕ್ಲೋರಿನ್ ಹಾಕಿದ ನಲ್ಲಿ ನೀರನ್ನು ಒಂದು ದಿನ ಬಕೆಟ್ಟಿನಲ್ಲಿ ತೆರೆದಿಟ್ಟು ಬಳಸುವುದು ವಾಡಿಕೆ.

ಬಿಸಿಲೂ ಲೆಕ್ಕಕ್ಕೆ ಬರುತ್ತದೆ. ಹೆಚ್ಚಿನ ನೀರುಗಿಡಗಳಿಗೆ 22ರಿಂದ 28 ಡಿಗ್ರಿ ಸೆಲ್ಸಿಯಸ್ ಹಿತ. ಬೆಂಗಳೂರು, ಮೈಸೂರು, ಹಾಸನದವರಿಗೆ ಇದು ತಲೆನೋವಲ್ಲ. ರಾಯಚೂರು, ಕಲಬುರಗಿಯ ಏಪ್ರಿಲ್–ಮೇ ತಿಂಗಳಲ್ಲಿ ತೊಟ್ಟಿಯ ನೀರು 30 ದಾಟುತ್ತದೆ; ಅಲ್ಲಿ ಪಾಚಿಗಿಡಗಳು ಬಾಡುತ್ತವೆ, ವ್ಯಾಲಿಸ್ನೇರಿಯಾ, ಅನುಬಿಯಾಸ್ ತಾಳಿಕೊಳ್ಳುತ್ತವೆ.

ಬೆಳಕಿನ ವಿಷಯದಲ್ಲಿ ಹೆಚ್ಚು ಕೊಟ್ಟಷ್ಟೂ ಒಳ್ಳೆಯದೆಂಬ ನಂಬಿಕೆ ತಪ್ಪು. ಸುಲಭದ ಗಿಡಗಳಿಗೆ ಲೀಟರಿಗೆ 20 ಲ್ಯೂಮೆನ್ ಸಾಕು; ಎರಡಡಿ ತೊಟ್ಟಿಗೆ ಸುಮಾರು 10 ವ್ಯಾಟಿನ ಬಿಳಿ ಎಲ್‌ಇಡಿ ದೀಪ. ದಿನಕ್ಕೆ ಆರರಿಂದ ಎಂಟು ಗಂಟೆ, ಅದೂ ಪ್ರತಿದಿನ ಒಂದೇ ಹೊತ್ತಿಗೆ. ಮರೆಯುವವರು ಟೈಮರ್ ಹಾಕಿಕೊಳ್ಳುವುದು ಮೇಲು. ಕಿಟಕಿಯ ಬಿಸಿಲಿಗೆ ತೊಟ್ಟಿ ಇಟ್ಟರೆ ಗಿಡಕ್ಕಿಂತ ಮೊದಲು ಹಾವಸೆ ಬೆಳೆದು ಗಾಜು ಹಸಿರಾಗುತ್ತದೆ. ಬೆಳಕು ಹೆಚ್ಚಿಸಿದರೆ ಗಿಡ ಇಂಗಾಲದ ಡೈಆಕ್ಸೈಡನ್ನೂ ಹೆಚ್ಚು ಕೇಳುತ್ತದೆ. ಈ ಅನಿಲ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ತೊಟ್ಟಿಯ ಗಿಡಗಳು ಬೆಳಕಿಗಿಂತ ಹೆಚ್ಚಾಗಿ ಇಂಗಾಲಕ್ಕೆ ಹಸಿದಿರುವುದು ಇದೇ ಕಾರಣಕ್ಕೆ. ಸಿಲಿಂಡರಿನಿಂದ ಅನಿಲ ಕೊಡುವ ಏರ್ಪಾಡು ಇದೆ, ದುಬಾರಿ. ಮೊದಲ ಸಲ ತೊಟ್ಟಿ ಕಟ್ಟುವವರು ಅದರ ಗೋಜಿಗೆ ಹೋಗದೆ, ಕಡಿಮೆ ಬೆಳಕಿನಲ್ಲಿ ನಿಧಾನವಾಗಿ ಬೆಳೆಯುವ ಗಿಡಗಳನ್ನು ಆರಿಸುವುದೇ ಜಾಣತನ.

ಅಂಥ ಗಿಡಗಳಲ್ಲಿ ಮೊದಲ ಹೆಸರು ಅನುಬಿಯಾಸ್ ನಾನಾ. ಪಶ್ಚಿಮ ಆಫ್ರಿಕದ ಈ ಗಿಡದ ಎಲೆ ಗಡುಸು, ಕಡುಹಸಿರು. ತಿಂಗಳಿಗೆ ಒಂದೋ ಎರಡೋ ಎಲೆ ಬಿಡುತ್ತದೆ. ಜಾವಾ ಫರ್ನ್ ಆಗ್ನೇಯ ಏಷ್ಯಾದ ಜರಿಗಿಡ. ಹಳೆಯ ಎಲೆಗಳ ಬೆನ್ನಿನಲ್ಲೇ ಮರಿಗಿಡಗಳು ಮೂಡುತ್ತವೆ. ಇವೆರಡರದೂ ಅಡ್ಡಕ್ಕೆ ತೆವಳುವ ದಪ್ಪ ಕಾಂಡ. ಅದನ್ನು ಮರಳಿನಲ್ಲಿ ಹೂತರೆ ಕೊಳೆತುಹೋಗುತ್ತದೆ; ಕಲ್ಲಿಗೋ ಮರದ ತುಂಡಿಗೋ ಹತ್ತಿಯ ದಾರದಿಂದ ಕಟ್ಟಬೇಕು. ದಾರ ಕರಗುವ ಹೊತ್ತಿಗೆ ಬೇರು ತಾನೇ ಹಿಡಿದುಕೊಂಡಿರುತ್ತದೆ. ಶ್ರೀಲಂಕಾದ ಕ್ರಿಪ್ಟೊಕೊರೈನ್ ವೆಂಡ್ಟೈ ಕಂದು, ಹಸಿರು, ತಾಮ್ರದ ಬಣ್ಣಗಳಲ್ಲಿ ಸಿಗುತ್ತದೆ. ಜಾಗ ಬದಲಿಸಿದೊಡನೆ ಇದರ ಎಲೆಗಳೆಲ್ಲ ಲೋಳೆಯಾಗಿ ಕರಗುವುದುಂಟು. ಗಿಡ ಸತ್ತಿತೆಂದು ಕಿತ್ತೆಸೆಯಬಾರದು. ಬೇರು ಬದುಕಿರುತ್ತದೆ, ಕೆಲವು ವಾರಗಳಲ್ಲಿ ಹೊಸ ಎಲೆ ಬರುತ್ತದೆ.

ನಮ್ಮ ನೆಲದ ಗಿಡಗಳೂ ಕಡಿಮೆಯಿಲ್ಲ. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ ಎರಡೂ ಇಲ್ಲಿನ ಕೆರೆ ಕಾಲುವೆಗಳವೇ. ಆಲಿಕೆಯ ಕೆಳಗೆ ಗುಳ್ಳೆ ಬಿಡುವ ಹೈಡ್ರಿಲ್ಲಾವನ್ನು ಶಾಲೆಯ ದ್ಯುತಿಸಂಶ್ಲೇಷಣೆಯ ಪ್ರಯೋಗದಲ್ಲಿ ಕಂಡವರು ಅನೇಕರು. ವ್ಯಾಲಿಸ್ನೇರಿಯಾದ ಗಂಡು ಹೂಗಳು ಬುಡದಲ್ಲಿ ಕಳಚಿಕೊಂಡು ನೀರಿನ ಮೇಲೆ ತೇಲುತ್ತ, ಉದ್ದ ತೊಟ್ಟಿನ ಮೇಲೆ ಕಾದಿರುವ ಹೆಣ್ಣು ಹೂವನ್ನು ಮುಟ್ಟುತ್ತವೆ. ಆಮೇಲೆ ಆ ತೊಟ್ಟು ಸುರುಳಿ ಸುತ್ತಿಕೊಂಡು ಹೂವನ್ನು ಆಳಕ್ಕೆ ಎಳೆದುಕೊಳ್ಳುತ್ತದೆ. ಹೈಗ್ರೊಫಿಲಾ ಪಾಲಿಸ್ಪರ್ಮಾ, ಲಿಮ್ನೊಫಿಲಾ, ನೀರುಬ್ರಾಹ್ಮಿ ಭಾರತದ ಜೌಗು ನೆಲದವು. ಪಶ್ಚಿಮ ಘಟ್ಟದ ತೊರೆಗಳಲ್ಲಿ ಲಗೆನಾಂಡ್ರಾ, ಕ್ರಿಪ್ಟೊಕೊರೈನ್ ರೆಟ್ರೊಸ್ಪೈರಾಲಿಸ್ ಬೆಳೆಯುತ್ತವೆ. ಹಾಗೆಂದು ಪ್ರವಾಸ ಹೋದಲ್ಲಿ ತೊರೆಯಿಂದ ಕಿತ್ತು ತರುವುದು ಸರಿಯಲ್ಲ. ಘಟ್ಟದ ಕೆಲವು ಜಾತಿಗಳ ನೆಲೆ ಬಹಳ ಕಿರಿದು; ನರ್ಸರಿಯಲ್ಲಿ ಬೆಳೆಸಿದ ಗಿಡಗಳೇ ಕೊಳ್ಳಲು ಸಿಗುತ್ತವೆ.

ಸಣ್ಣ ತೊಟ್ಟಿಗೆ ಸಲ್ಲದವೂ ಇವೆ. ಅಮೆಜಾನ್ ಸ್ವೋರ್ಡ್ ಅಂಗಡಿಯಲ್ಲಿ ಗೇಣುದ್ದ ಇರುತ್ತದೆ. ಬೆಳೆದರೆ ಒಂದೂವರೆ ಅಡಿ ಎತ್ತರವಾಗಿ ಇಡೀ ತೊಟ್ಟಿಯನ್ನು ಆವರಿಸುತ್ತದೆ. ಇನ್ನೊಂದು ಬಗೆಯ ಮೋಸ, ನೀರುಗಿಡವೇ ಅಲ್ಲದ್ದನ್ನು ನೀರಿನಲ್ಲಿ ಅದ್ದಿ ಮಾರುವುದು. ಲಕ್ಕಿ ಬ್ಯಾಂಬೂ ಎಂಬ ಡ್ರಸೀನಾ, ಸಿಂಗೋನಿಯಂ, ಸ್ಪೈಡರ್ ಪ್ಲಾಂಟುಗಳು ಪೂರ್ತಿ ಮುಳುಗಿದರೆ ನಿಧಾನವಾಗಿ ಕೊಳೆಯುತ್ತವೆ. ಅವಕ್ಕೆ ಕೊಟ್ಟ ದುಡ್ಡು ನೀರಿನಲ್ಲಿ ಮಾಡಿದ ಹೋಮ. ನೀರಿನಿಂದ ಎತ್ತಿದಾಗ ಎಲೆ, ದಂಟು ನೆಟ್ಟಗೆ ಬಿರುಸಾಗಿ ನಿಂತರೆ ಅನುಮಾನಿಸಬೇಕು. ಆದರೆ ಇದೊಂದೇ ಗುರುತು ನೆಚ್ಚುವಂತಿಲ್ಲ, ಏಕೆಂದರೆ ನಿಜವಾದ ನೀರುಗಿಡಗಳನ್ನೂ ನರ್ಸರಿಗಳು ಎಲೆ ಗಾಳಿಯಲ್ಲಿರುವಂತೆ ಬೆಳೆಸುತ್ತವೆ. ಮುಳುಗಿಸಿದ ಮೇಲೆ ಆ ಎಲೆಗಳು ಉದುರಿ, ತೆಳುವಾದ ಬೇರೆ ಆಕಾರದ ಎಲೆಗಳು ಹುಟ್ಟುತ್ತವೆ. ಗಿಡದ ಹೆಸರು ಕೇಳಿ ತಿಳಿದು ಕೊಳ್ಳುವುದೇ ಭದ್ರ. ಮನೆಗೆ ತಂದ ಗಿಡವನ್ನು ಚೆನ್ನಾಗಿ ತೊಳೆದು, ಕೊಳೆತ ಎಲೆ ತೆಗೆದು, ಕೆಲವು ದಿನ ಬೇರೆ ಬಕೆಟ್ಟಿನಲ್ಲಿಟ್ಟರೆ ಏರೋಪ್ಲೇನ್ ಚಿಟ್ಟೆಯ ಮರಿಗಳಂಥ ಬೇಡದ ಅತಿಥಿಗಳು ಅಲ್ಲೇ ಸಿಕ್ಕಿಬೀಳುತ್ತವೆ. ಈ ಮರಿಗಳು ಸಣ್ಣ ಮೀನನ್ನು ಹಿಡಿದು ತಿನ್ನಬಲ್ಲವು.

ತಳಕ್ಕೆ ಎರಡರಿಂದ ಐದು ಮಿಲಿಮೀಟರ್ ಗಾತ್ರದ ನದಿಯ ಉರುಟು ಮರಳು ಒಳ್ಳೆಯದು. ನೀರು ತಿಳಿಯಾಗುವವರೆಗೆ ತೊಳೆದು ಹಾಕಬೇಕು. ಅಮೃತಶಿಲೆಯ ಚೂರು, ಕಪ್ಪೆಚಿಪ್ಪು, ಹವಳ ನೀರಿನ ಗಡಸುತನ ಏರಿಸುತ್ತವೆ. ಕಲ್ಲಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟಾಗ ನೊರೆ ಬಂದರೆ ಅದರಲ್ಲಿ ಸುಣ್ಣವಿದೆ. ಬೇರಿನಿಂದ ಉಣ್ಣುವ ಕ್ರಿಪ್ಟೊಕೊರೈನಿನಂಥ ಗಿಡಗಳಿಗೆ ಮರಳಿನ ಕೆಳಗೆ ಒಂದಂಗುಲ ತೋಟದ ಮಣ್ಣು ಹಾಕುವ ಪದ್ಧತಿಯಿದೆ. ಅಮೆರಿಕದ ಡಯಾನಾ ವಾಲ್‌ಸ್ಟಾಡ್ 1999ರ ತಮ್ಮ ಪುಸ್ತಕದಿಂದ ಇದನ್ನು ಹೆಸರುವಾಸಿ ಮಾಡಿದರು. ಮಣ್ಣಿನಲ್ಲಿ ಹಸಿ ಗೊಬ್ಬರ, ಬೇವಿನ ಹಿಂಡಿ, ಯೂರಿಯಾ ಇರಕೂಡದು, ಮೇಲೆ ಒಂದಂಗುಲ ಮರಳಿನ ಹೊದಿಕೆ ಇರಲೇಬೇಕು. ಮಣ್ಣಿನ ರಗಳೆ ಬೇಡವೆನ್ನುವವರಿಗೆ ಬೇರಿನ ಬಳಿ ಹೂಳುವ ಗೊಬ್ಬರದ ಗುಳಿಗೆಗಳಿವೆ.

ಇನ್ನು ಜೋಡಣೆ. ಗಿಡಕ್ಕಿಂತ ಮೊದಲು ಕಲ್ಲು, ಮರ ಕೂರಬೇಕು, ಅದಕ್ಕೂ ಮೊದಲು ಮರಳಿನ ಇಳಿಜಾರು. ಮುಂಗಡೆ ಎರಡಂಗುಲ, ಹಿಂಗಡೆ ನಾಲ್ಕಂಗುಲ ಮರಳು ಇದ್ದರೆ ಒಂದಡಿ ಅಗಲದ ತೊಟ್ಟಿ ಅದಕ್ಕಿಂತ ಆಳವಾಗಿ ಕಾಣುತ್ತದೆ. ಕಣ್ಣು ಮೊದಲು ಹೋಗಿ ನಿಲ್ಲಬೇಕಾದ ದೊಡ್ಡ ಕಲ್ಲು ಅಥವಾ ಮರದ ಬೇರು ನಟ್ಟನಡುವೆ ಬೇಡ. ಒಂದು ಬದಿಯಿಂದ ಮೂರನೇ ಒಂದು ಭಾಗದಷ್ಟು ದೂರದಲ್ಲಿರಲಿ. ನಡುವೆ ಇಟ್ಟರೆ ತೊಟ್ಟಿ ಎರಡು ಹೋಳಾದಂತೆ ಕಂಡು ನೋಟ ಬಡವಾಗುತ್ತದೆ. ಕಲ್ಲುಗಳೆಲ್ಲ ಒಂದೇ ಜಾತಿಯವಾಗಿರಲಿ, ಬೇರೆಬೇರೆ ಗಾತ್ರದವಿರಲಿ. ಮರದ ತುಂಡನ್ನು ಕುದಿಸಿ, ಮುಳುಗುವವರೆಗೆ ನೆನೆಸಿಡಬೇಕು. ನೀರಿಗೆ ಬಿಡುವ ಕಂದು ಬಣ್ಣ ಅಪಾಯದ್ದಲ್ಲ. ಹಸಿ ಮರ ಮಾತ್ರ ಕೊಳೆಯುತ್ತದೆ. ಒಡೆದ ತೆಂಗಿನ ಕರಟವನ್ನು ಕುದಿಸಿ ಬೋರಲು ಹಾಕಿ, ಮೇಲೆ ಜಾವಾ ಪಾಚಿ ಕಟ್ಟಿದರೆ ಕಾಸು ಖರ್ಚಿಲ್ಲದೆ ಗವಿಯೊಂದು ಸಿದ್ಧ.

ಹಿಂದೆ ಎತ್ತರದ್ದು, ಮುಂದೆ ಗಿಡ್ಡದ್ದು ಎಂಬ ನಿಯಮ ಎಲ್ಲರಿಗೂ ಗೊತ್ತು. ಹೆಚ್ಚಿನವರು ಎಡವುವುದು ಜಾತಿಗಳ ಸಂಖ್ಯೆಯಲ್ಲಿ. ಅಂಗಡಿಯಲ್ಲಿ ಕಂಡದ್ದರಲ್ಲೆಲ್ಲ ಒಂದೊಂದು ತಂದು ನೆಟ್ಟರೆ ತೊಟ್ಟಿ ಸಂತೆಯಾಗುತ್ತದೆ. ಎರಡಡಿಗೆ ನಾಲ್ಕೈದು ಜಾತಿ ಧಾರಾಳ, ಪ್ರತಿಯೊಂದೂ ಗುಂಪಾಗಿರಬೇಕು. ಹಿಂಬದಿಯ ಒಂದು ಮೂಲೆಯಲ್ಲಿ ವ್ಯಾಲಿಸ್ನೇರಿಯಾದ ಗಿಡ್ಡ, ತಿರುಚೆಲೆಯ ಬಗೆ. ಇನ್ನೊಂದು ಮೂಲೆಯಲ್ಲಿ ಲಿಮ್ನೊಫಿಲಾದ ನಯವಾದ ಪೊದೆ. ಕಲ್ಲಿನ ಬುಡಕ್ಕೆ ಕ್ರಿಪ್ಟೊಕೊರೈನ್, ಕಲ್ಲಿನ ಸಂದಿಗೆ ಅನುಬಿಯಾಸ್, ಮರಕ್ಕೆ ಜಾವಾ ಫರ್ನ್. ಮುಂದೆ ಒಂದಿಷ್ಟು ಬಯಲು ಮರಳನ್ನು ಹಾಗೇ ಬಿಟ್ಟರೆ ಮೀನು ಆಡಲು, ಕಣ್ಣು ಹಾಯಲು ಜಾಗ ಸಿಗುತ್ತದೆ. ಅಗಲ ಎಲೆಯ ಪಕ್ಕ ಸಪೂರ ಎಲೆ, ಕಡುಹಸಿರಿನ ಪಕ್ಕ ತಿಳಿಹಸಿರು ಬಂದರೆ ಎರಡೂ ಎದ್ದು ಕಾಣುತ್ತವೆ. ಡಚ್ಚರು ಗಿಡಗಳನ್ನು ಹೀಗೆ ಸಾಲುಸಾಲಾಗಿ, ಬಣ್ಣ ನೋಡಿ ಜೋಡಿಸುವ ಕಲೆಯನ್ನೇ ಬೆಳೆಸಿದರು. ಜಪಾನಿನ ನೀಗಾಟಾದ ತಕಾಶಿ ಅಮಾನೊ (1954–2015) ಬೇರೆ ದಾರಿ ಹಿಡಿದು, ಕಲ್ಲು, ಮರ, ಹುಲ್ಲುಗಳಿಂದ ಬೆಟ್ಟ ಕಣಿವೆಗಳ ನೋಟ ಕಟ್ಟಿದರು. ಅವರ ಚಿತ್ರಗಳಲ್ಲಿನ ಹುಲ್ಲುಹಾಸು ಹೊಳೆಯುವುದರ ಹಿಂದೆ ಬಲವಾದ ದೀಪ, ಸಿಲಿಂಡರಿನ ಅನಿಲ, ನಿತ್ಯದ ಕತ್ತರಿ ಇವೆ. ಅವಿಲ್ಲದೆ ಆ ಚಿತ್ರವನ್ನು ನಕಲು ಮಾಡಹೊರಟರೆ ಸಿಗುವುದು ಹಾವಸೆ ಮಾತ್ರ.

ನೆಡುವಾಗ ತೊಟ್ಟಿಯಲ್ಲಿ ನಾಲ್ಕು ಬೆರಳು ನೀರು ಸಾಕು. ಉದ್ದ ಚಿಮಟದಿಂದ ದಂಟಿನ ಗಿಡಗಳನ್ನು ಒಂದೊಂದಾಗಿ, ಕೆಳಗಿನ ಎಲೆ ತೆಗೆದು, ಬೆರಳಗಲ ಅಂತರ ಬಿಟ್ಟು ಊರಬೇಕು. ಕಂತೆಯಾಗಿ ನೆಟ್ಟರೆ ನಡುವಿನವು ಬೆಳಕಿಲ್ಲದೆ ಕೊಳೆಯುತ್ತವೆ. ವ್ಯಾಲಿಸ್ನೇರಿಯಾದ ಬುಡದ ಬಿಳಿ ಭಾಗ ಮರಳಿನ ಮೇಲೆಯೇ ಕಾಣುತ್ತಿರಲಿ. ಉಳಿದ ನೀರನ್ನು ಒಂದು ತಟ್ಟೆಯ ಮೇಲೆ ನಿಧಾನವಾಗಿ ಹೊಯ್ದರೆ ಮರಳು ಕದಡದು. ಮೂರು–ನಾಲ್ಕು ವಾರ ಗಿಡ ಬೇರೂರಿದ ಮೇಲೆ, ಕೆಲವೇ ಕೆಲವು ಗಪ್ಪಿ, ಡಾನಿಯೊ ಅಥವಾ ರಾಸ್ಬೊರಾಗಳನ್ನು ಬಿಡಬಹುದು. ಗೋಲ್ಡ್‌ಫಿಶ್ ಗಿಡ ತಿನ್ನುತ್ತದೆ, ಬೇರು ಕೀಳುತ್ತದೆ. ಸಣ್ಣ ತೊಟ್ಟಿ ಅದಕ್ಕೆ ಸಾಲುವುದೂ ಇಲ್ಲ.

ಆಮೇಲಿನ ಆರೈಕೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವುದು, ಕೊಳೆತ ಎಲೆ ತೆಗೆಯುವುದು, ಉದ್ದವಾದ ದಂಟಿನ ತುದಿ ಕತ್ತರಿಸಿ ಅದನ್ನೇ ಮತ್ತೆ ನೆಡುವುದು, ಇಷ್ಟೇ. ಕೊರತೆಯಾದರೆ ಎಲೆಯೇ ಹೇಳುತ್ತದೆ: ಹೊಸ ಕುಡಿ ಬಿಳಿಚಿದರೆ ಕಬ್ಬಿಣ ಸಾಲದು, ಹಳೆಯ ಎಲೆ ಹಳದಿಯಾದರೆ ಸಾರಜನಕ, ಹಳೆಯ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತು ಬಿದ್ದರೆ ಪೊಟ್ಯಾಸಿಯಂ. ಹಾವಸೆ ಹೆಚ್ಚಿದರೆ ಔಷಧಿ ಸುರಿಯುವ ಮುನ್ನ ದೀಪದ ಹೊತ್ತು, ಮೀನಿನ ಆಹಾರ ಎರಡನ್ನೂ ಕಡಿಮೆ ಮಾಡಿ ನೋಡಬೇಕು.

ಕತ್ತರಿಸಿ ಉಳಿದದ್ದನ್ನು ಏನು ಮಾಡಬೇಕೆಂಬುದು ಸಣ್ಣ ಪ್ರಶ್ನೆಯಲ್ಲ. ಇಲ್ಲಿನ ಕೆರೆಗಳಲ್ಲೂ ಬೆಳೆಯುವ ಹೈಡ್ರಿಲ್ಲಾ 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಅಮೆರಿಕದ ಫ್ಲಾರಿಡಾ ಸೇರಿತು. 1960ರ ಹೊತ್ತಿಗೆ ಅಲ್ಲಿನ ಕಾಲುವೆ, ನದಿಗಳಲ್ಲಿ ಕಾಣಿಸಿಕೊಂಡು, ಮುಂದೆ ದೋಣಿ ಚಲಿಸದಷ್ಟು ದಟ್ಟವಾಗಿ ಹಬ್ಬಿತು. ಒಂದು ಗೆಣ್ಣು ಇದ್ದರೂ ಅದು ಹೊಸ ಗಿಡವಾಗುತ್ತದೆ. ದಕ್ಷಿಣ ಅಮೆರಿಕದ ಕಬೊಂಬಾ, ಸಾಲ್ವಿನಿಯಾಗಳು ಅದೇ ರೀತಿ ಕೇರಳದ ನೀರಿನಲ್ಲಿ ಕಳೆಯಾಗಿ ನಿಂತಿವೆ. ತೊಟ್ಟಿಯಲ್ಲಿ ಹೆಚ್ಚಾದ ಗಿಡವನ್ನು ಕೆರೆಗೂ ಚರಂಡಿಗೂ ಎಸೆಯದೆ, ಬಿಸಿಲಲ್ಲಿ ಪೂರ್ತಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ, ಇಲ್ಲವೇ ಇನ್ನೊಬ್ಬರ ತೊಟ್ಟಿಗೆ ಕೊಡಿ.