ಎಂಜಿನ್ನಿನ ಎಣ್ಣೆ: ನೋಡುವ ಬಗೆ, ಸರಿಪಡಿಸುವ ಬಗೆ

ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ಸಂತೆಗೆ ಹೊರಡುವ ರೂಢಿ ನಮ್ಮ ಹಿರಿಯರಲ್ಲಿ ಇರಲಿಲ್ಲ. ಮರೆತರೂ ಎಣ್ಣೆ ಆರಿದ ಅಚ್ಚು ಕಿರುಗುಟ್ಟಿ ತನ್ನ ಕೊರತೆಯನ್ನು ತಾನೇ ಸಾರುತ್ತಿತ್ತು. ಇಂದು ಸೊಲ್ಲಾಪುರ, ಅಕ್ಕಲಕೋಟಗಳ ಕಡೆ ಬಂಡಿ ನಿಲ್ಲುತ್ತಿದ್ದ ಅನೇಕ ಅಂಗಳಗಳಲ್ಲಿ ಮೋಟಾರ್ ಸೈಕಲ್ ನಿಂತಿದೆ. ಹೊಲಕ್ಕೂ ಪೇಟೆಗೂ ಮಗ್ಗದ ಕೆಲಸಕ್ಕೂ ಮಕ್ಕಳ ಶಾಲೆಗೂ ಅದೇ ಆಧಾರ. ಆದರೆ ಎಣ್ಣೆ ಕಡಿಮೆಯಾದರೆ ಅದು ಬಂಡಿಯಂತೆ ಮೊದಲೇ ಕೂಗಿ ಹೇಳುವುದಿಲ್ಲ. ಪೆಟ್ರೋಲು ಮುಗಿದರೆ ಗಾಡಿ ನಿಲ್ಲುತ್ತದೆ. ತುಂಬಿಸಿದರೆ ಮತ್ತೆ ಓಡುತ್ತದೆ. ಎಣ್ಣೆ ಮುಗಿದರೆ ಎಂಜಿನ್ನೇ ಹಾಳಾಗುತ್ತದೆ. ಆ ಮೇಲೆ ಎಷ್ಟು ಎಣ್ಣೆ ಸುರಿದರೂ ಪ್ರಯೋಜನವಿಲ್ಲ. ಆದುದರಿಂದ ಕೇಳಿ ತಿಳಿಯಲಾಗದ ಈ ಕೊರತೆಯನ್ನು ನಾವು ನೋಡಿಯೇ ತಿಳಿಯಬೇಕು.

ಎಂಜಿನ್ನು ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಅದರ ಪಿಸ್ಟನ್ನು ಸೆಕೆಂಡಿಗೆ ನೂರು ಸಲ ಮೇಲೇರಿ ಕೆಳಗಿಳಿಯುತ್ತದೆ. ಲೋಹಕ್ಕೆ ಲೋಹ ತಾಗದಂತೆ ನಡುವೆ ನಿಂತು ಕಾಯುವುದು ಎಣ್ಣೆಯ ತೆಳುವಾದ ಪೊರೆ. ಅದೇ ಎಣ್ಣೆಯು ಒಳಗಿನ ಕಾವನ್ನು ಹೊತ್ತು ಹೊರಗೋಡೆಗೆ ತಲುಪಿಸುತ್ತದೆ, ಮಸಿಯನ್ನು ತೊಳೆಯುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಗೇರು ಮತ್ತು ಕ್ಲಚ್ಚುಗಳನ್ನೂ ನೆನೆಸುತ್ತದೆ. ಇಷ್ಟೆಲ್ಲ ಕೆಲಸಕ್ಕೆ 100 ಸಿ.ಸಿ. ಗಾಡಿಯಲ್ಲಿರುವ ಎಣ್ಣೆ ಸುಮಾರು ಒಂದು ಲೀಟರು ಮಾತ್ರ. ಅದರಲ್ಲಿ ಕಾಲುಭಾಗ ಕಡಿಮೆಯಾದರೂ ಉಳಿದ ಎಣ್ಣೆಯ ಮೇಲೆ ಭಾರ ಹೆಚ್ಚುತ್ತದೆ. ನಮ್ಮ ಕಡೆಯ ಬೇಸಗೆಯಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವಾಗ, ಗಾಳಿಯಿಂದಲೇ ತಣಿಯಬೇಕಾದ ಎಂಜಿನ್ನಿಗೆ ಈ ಕೊರತೆ ಇನ್ನೂ ಅಪಾಯಕರ. ಓಟದ ನಡುವೆ ಪಿಸ್ಟನ್ನು ಬಿಗಿದುಕೊಂಡರೆ ಹಿಂದಿನ ಚಕ್ರವೂ ಬಿಗಿದು, ಮೇಲೆ ಕುಳಿತವರು ಬೀಳುವ ಸಂಭವವುಂಟು.

ಇಷ್ಟು ಮುಖ್ಯವಾದ ಸಂಗತಿಯನ್ನು ಜನರು ಕಡೆಗಣಿಸಲು ಹಳೆಯ ಅಭ್ಯಾಸವೂ ಒಂದು ಕಾರಣವಾಗಿರಬಹುದು. 1960ರ ದಶಕದಿಂದ ಮೈಸೂರಿನ ಕಾರ್ಖಾನೆಯಿಂದ ಬಂದ ಜಾವಾ, ಅನಂತರದ ಯೆಜ್ದಿ ಗಾಡಿಗಳು ಟೂ ಸ್ಟ್ರೋಕ್ ಬಗೆಯವು. ಅವುಗಳಲ್ಲಿ ಎಂಜಿನ್ನಿನ ಎಣ್ಣೆಯನ್ನು ಪೆಟ್ರೋಲಿನೊಡನೆಯೇ ಬೆರೆಸಿ ಹಾಕುತ್ತಿದ್ದರು. ಗೇರಿಗೆ ಮಾತ್ರ ಬೇರೆ ಎಣ್ಣೆ. ಪೆಟ್ರೋಲು ತುಂಬಿಸಿದಾಗಲೆಲ್ಲ ಹೊಸ ಎಣ್ಣೆಯೂ ಸೇರುತ್ತಿದ್ದುದರಿಂದ ಅದನ್ನು ಬೇರೆಯಾಗಿ ಅಳೆಯುವ ಪ್ರಸಂಗವಿರಲಿಲ್ಲ. 1985ರಲ್ಲಿ ಹೀರೋ ಹೋಂಡಾ ಸಿ.ಡಿ. 100 ಬಂದ ಮೇಲೆ ಫೋರ್ ಸ್ಟ್ರೋಕ್ ಗಾಡಿಗಳೇ ಮನೆಮಾತಾದವು. ಇವುಗಳಲ್ಲಿ ಎಣ್ಣೆ ಎಂಜಿನ್ನಿನ ತಳದಲ್ಲಿಯೇ ಇರುತ್ತದೆ. ಪೆಟ್ರೋಲು ಎಷ್ಟು ತುಂಬಿಸಿದರೂ ಅದು ಹೆಚ್ಚುವುದಿಲ್ಲ.

ಇನ್ನು ನೋಡುವ ಕ್ರಮ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ಡಬಲ್ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಬೇಕು. ಸೈಡ್ ಸ್ಟ್ಯಾಂಡಿನಲ್ಲಿ ವಾಲಿದರೆ ಅಳತೆ ಸುಳ್ಳಾಗುತ್ತದೆ. ಎಂಜಿನ್ನನ್ನು ಎರಡು ಮೂರು ನಿಮಿಷ ಓಡಿಸಿ, ಆರಿಸಿ, ಮತ್ತೆ ಅಷ್ಟೇ ಹೊತ್ತು ಕಾಯಬೇಕು. ಅಷ್ಟರಲ್ಲಿ ಮೇಲೆ ಹೋದ ಎಣ್ಣೆ ತಳಕ್ಕೆ ಇಳಿಯುತ್ತದೆ. ಎಂಜಿನ್ನಿನ ಪಕ್ಕದಲ್ಲಿರುವ ಎಣ್ಣೆಯ ಮುಚ್ಚಳದ ಸುತ್ತಲಿನ ಧೂಳನ್ನು ಮೊದಲು ಒರಸಿ, ಅನಂತರ ಮುಚ್ಚಳವನ್ನು ತಿರುಗಿಸಿ ತೆಗೆದರೆ ಅದಕ್ಕೆ ಅಂಟಿದ ಅಳತೆಕಡ್ಡಿ ಕಾಣುತ್ತದೆ. ಕಡ್ಡಿಯನ್ನು ಶುಚಿಯಾದ ಬಟ್ಟೆಯಿಂದ ಒರಸಿ ಮತ್ತೆ ಒಳಗಿಡಬೇಕು. ಬಹಳಷ್ಟು ಗಾಡಿಗಳಲ್ಲಿ ಆಗ ತಿರುಪು ಬಿಗಿಯಬಾರದು. ಕೆಲವು ಗಾಡಿಗಳ ಕ್ರಮ ಬೇರೆಯಾದುದರಿಂದ ಗಾಡಿಯೊಡನೆ ಬಂದ ಪುಸ್ತಕವನ್ನು ನೋಡಿಕೊಳ್ಳುವುದು ಯೋಗ್ಯ. ಹೊರತೆಗೆದಾಗ ಎಣ್ಣೆಯ ಗುರುತು ಕಡ್ಡಿಯ ಮೇಲಿನ ಗೆರೆ ಮತ್ತು ಕೆಳಗಿನ ಗೆರೆಗಳ ನಡುವೆ ಇರಬೇಕು. ಕಡ್ಡಿಯ ಬದಲು ಗಾಜಿನ ಕಿಂಡಿಯಿದ್ದರೆ ಅಲ್ಲಿಯೂ ಇದೇ ನಿಯಮ.

ಗುರುತು ಕೆಳಗೆರೆಯ ಹತ್ತಿರವಿದ್ದರೆ ಪುಸ್ತಕದಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನೇ ಸ್ವಲ್ಪ ಸ್ವಲ್ಪವಾಗಿ ಹಾಕಿ, ಒಂದೆರಡು ನಿಮಿಷ ಕಾಯ್ದು ಮತ್ತೆ ಅಳೆಯಬೇಕು. ಕಾರಿನ ಎಣ್ಣೆ ಉಳಿದಿದೆಯೆಂದು ಅದನ್ನು ಸುರಿಯಬಾರದು. ಅದರಲ್ಲಿ ಬೆರೆಸಿರಬಹುದಾದ ಜಾರುಪದಾರ್ಥಗಳಿಂದ ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ಚು ಜಾರತೊಡಗಬಹುದು. ಡಬ್ಬಿಯ ಮೇಲೆ ‘ಜಾಸೊ ಎಂ.ಎ.’ ಎಂಬ ಗುರುತಿದ್ದರೆ ಅದು ಇಂಥ ಕ್ಲಚ್ಚಿಗೆ ಒಗ್ಗುವ ಎಣ್ಣೆ.

ಹೆಚ್ಚು ಹಾಕಿದರೆ ಹೆಚ್ಚು ಒಳ್ಳೆಯದೆಂಬುದು ತಪ್ಪು ತಿಳುವಳಿಕೆ. ಅತಿಯಾದರೆ ಅಮೃತವೂ ವಿಷ. ಮೇಲ್ಗೆರೆ ಮೀರಿದ ಎಣ್ಣೆಯನ್ನು ತಿರುಗುವ ಭಾಗಗಳು ಕಡೆದು ನೊರೆಯೆಬ್ಬಿಸುತ್ತವೆ. ನೊರೆಯಲ್ಲಿ ಗಾಳಿ ಸೇರಿರುವುದರಿಂದ ರಕ್ಷಣೆಯ ಪೊರೆ ದುರ್ಬಲವಾಗುತ್ತದೆ. ಉಕ್ಕಿದ ಎಣ್ಣೆ ಏರ್ ಫಿಲ್ಟರನ್ನು ಸೇರಿ ಹೊಗೆಗೆ ಕಾರಣವಾಗುತ್ತದೆ. ಹೆಚ್ಚಾದುದನ್ನು ತಳದ ಬೋಲ್ಟು ಸಡಿಲಿಸಿ, ಇಲ್ಲವೆ ಎಣ್ಣೆ ಹಾಕುವ ರಂಧ್ರದಿಂದ ಪಿಚಕಾರಿಯಲ್ಲಿ ಹೀರಿ ತೆಗೆಯಬೇಕು. ಬಿಸಿ ಎಣ್ಣೆ ಕೈ ಸುಡುವುದರಿಂದ ತಣಿದ ಮೇಲೆ ಈ ಕೆಲಸ ಮಾಡುವುದು ಲೇಸು.

ಕಡ್ಡಿಯು ಪ್ರಮಾಣವನ್ನಲ್ಲದೆ ಎಂಜಿನ್ನಿನ ಆರೋಗ್ಯವನ್ನೂ ತಿಳಿಸುತ್ತದೆ. ಎಣ್ಣೆ ಕಪ್ಪಾದ ಮಾತ್ರಕ್ಕೆ ಹೆದರಬೇಕಾಗಿಲ್ಲ. ಅದು ಮಸಿಯನ್ನು ಹಿಡಿದಿಟ್ಟುಕೊಂಡ ಲಕ್ಷಣ. ಆದರೆ ಹಾಲು ಬೆರೆತಂತೆ ಬಿಳುಪಾಗಿದ್ದರೆ ನೀರು ಸೇರಿದೆ. ಹಾಕದೆಯೇ ಮಟ್ಟ ಏರಿ ಪೆಟ್ರೋಲಿನ ವಾಸನೆ ಬಂದರೆ ಪೆಟ್ರೋಲು ಸೋರುತ್ತಿದೆ. ಪದೇ ಪದೇ ಕಡಿಮೆಯಾಗಿ ನೀಲಿ ಹೊಗೆ ಬಂದರೆ ಎಣ್ಣೆ ಒಳಗೆ ಉರಿಯುತ್ತಿದೆ. ಇಂಥ ಸಂದರ್ಭಗಳಲ್ಲಿ ಮೇಲಿಂದ ಮೇಲೆ ತುಂಬಿಸುತ್ತ ಹೋಗದೆ ಮಿಸ್ತ್ರಿಗೆ ತೋರಿಸಬೇಕು. ತೆಗೆದ ಹಳೆಯ ಎಣ್ಣೆಯನ್ನು ಗಟಾರಿಗೆ ಚೆಲ್ಲಬಾರದು. ಅದು ಕೊನೆಗೆ ಸೇರುವುದು ನಾವು ಬಳಸುವ ಕೆರೆ, ಬಾವಿಗಳನ್ನೇ. ಡಬ್ಬಿಯಲ್ಲಿ ತುಂಬಿ, ಹಳೆಯ ಎಣ್ಣೆಯನ್ನು ಶುದ್ಧೀಕರಣಕ್ಕೆ ಕಳಿಸುವ ಗ್ಯಾರೇಜಿಗೆ ಕೊಡಬೇಕು.

ವಿದ್ಯಾರ್ಥಿಗಳೇ, ಗೇರಿನ ಗಾಡಿಯನ್ನು ನಡೆಸಲು ನಿಮಗೆ 18 ವರ್ಷ ತುಂಬಿರಬೇಕು. ಆದರೆ ಎಣ್ಣೆಯನ್ನು ನೋಡಲು ವಯಸ್ಸಿನ ಕಟ್ಟಿಲ್ಲ. ವಾರಕ್ಕೊಮ್ಮೆ ತಂದೆಯವರ ಜೊತೆ ನಿಂತು, ಬಿಸಿಯಾದ ಸೈಲೆನ್ಸರಿಗೆ ಕೈತಾಗದಂತೆ ಎಚ್ಚರವಹಿಸಿ, ಕಡ್ಡಿಯನ್ನು ನೋಡಿ ತಾರೀಖಿನೊಡನೆ ಬರೆದಿಡಿರಿ. ಪಾಲಕರೇ, ಈ ಹತ್ತು ನಿಮಿಷಗಳನ್ನು ಮಕ್ಕಳಿಗೆ ಕೊಡಿರಿ. ನಿಮ್ಮ ದುಡಿಮೆಯ ಗಾಡಿಯೂ ಉಳಿಯುವುದು, ವಸ್ತುವನ್ನು ಕಣ್ಣಿಟ್ಟು ನೋಡುವ ಅಭ್ಯಾಸವೂ ಮಕ್ಕಳಲ್ಲಿ ಬೆಳೆಯುವುದು.